ಬೀಗ ಎದ್ದಿತು

ಹೇಳಿಕೆ ಕೊಡುತ್ತಿರುವವರು: ಬಸ್ ಡಿಪೋ ಹಿಂದಿನ ರಸ್ತೆಯ ಲಾಂಡ್ರಿ ಸಾಹುಕಾರರ ಹೆಂಡತಿ. ವಯಸ್ಸು 53. ಉದ್ಯೋಗ: ಈ ಬುಧವಾರದವರೆಗೆ ಗಂಡನ ಜೊತೆ ಲಾಂಡ್ರಿ, ಈಗ ಏನೂ ಇಲ್ಲ. ವಾಸ: ಅದೇ ಲಾಂಡ್ರಿಯ ಮೇಲಿನ ಎರಡು ಕೋಣೆಗಳ ಮನೆ. ತಿಂಗಳ ಕೊನೆಗೆ ಖಾಲಿ ಮಾಡುವುದಾಗಿ ಮಾಲೀಕರಿಗೆ ಹೇಳಿಯಾಗಿದೆ.

ಈ ದಿನ ತಾರೀಕು 15, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನನ್ನ ಗಂಡ, ವಯಸ್ಸು 60, ಇದೇ ತಿಂಗಳ 3ನೇ ತಾರೀಕು ಸೋಮವಾರದಿಂದ ಕಾಣೆಯಾಗಿದ್ದಾರೆ. ಅವರನ್ನು ಪತ್ತೆ ಮಾಡಿಕೊಡಬೇಕು. ಹೆಸರು ತಿಳಿಯದ ಒಬ್ಬ ಗಂಡಸಿನ ಜೇಬಿನಲ್ಲಿ ಸಿಕ್ಕಿದ ಬೀಗದ ಕೈಯನ್ನು ತಾವು ಮೇಜಿನ ಮೇಲೆ ಇಟ್ಟಿದ್ದೀರಿ. ನಾನು ತಂದಿರುವ ಬೀಗಕ್ಕೆ ಅದನ್ನು ಹಾಕಿ ನೋಡೋಣ ಎಂದಿರಿ. ಮೊದಲು ನನ್ನ ಹೇಳಿಕೆ ಪೂರ್ತಿ ಬರೆದುಕೊಳ್ಳಿ ಎಂದು ನಾನೇ ಕೇಳಿಕೊಂಡೆ. ಹಾಕಿ ನೋಡಿದ ಮೇಲೆ ನನ್ನ ಬಾಯಿಂದ ಮಾತು ಬರುತ್ತದೋ ಇಲ್ಲವೋ ತಿಳಿಯದು.

ಇಷ್ಟು ದಿನ ಏಕೆ ಸುಮ್ಮನಿದ್ದಿರಿ ಎಂದು ತಾವು ಎರಡು ಸಲ ಕೇಳಿದಿರಿ. ಅದು ತಿಳಿಯಬೇಕಾದರೆ ನಮ್ಮ ವ್ಯಾಪಾರದ ರೀತಿಯನ್ನು ಹೇಳಬೇಕು.

ನನ್ನ ಗಂಡ ಕಾಲಿಗೆ ಚಕ್ರ ಕಟ್ಟಿಕೊಂಡವರು. ಮದುವೆಯಾದ ಮರುವರ್ಷ ಒಂದು ದೇಶದಲ್ಲಿ ಕೊಡೆ ಅಂಗಡಿ ತೆಗೆದರು. ಆ ಊರಿನಲ್ಲಿ ಮಳೆ ಬರುವುದೇ ಅಪರೂಪ. ಬೇರೆ ಯಾರೂ ಅಲ್ಲಿ ಕೊಡೆ ಮಾರುವುದಿಲ್ಲ, ಬಿಸಿಲಿಗೂ ಕೊಡೆ ಬೇಕಲ್ಲ ಎಂಬುದು ಅವರ ವಾದ. ಅಲ್ಲಿಯ ಜನ ಬಿಸಿಲಿಗೆ ಟೋಪಿ ಹಾಕುತ್ತಿದ್ದರು. ಎರಡನೆಯ ದೇಶದಲ್ಲಿ ಹಾಸಿಗೆ ಹೊಲಿಸಿ ಮಾರಿದೆವು. ಅದು ಚೆನ್ನಾಗಿ ನಡೆಯಿತು, ಮಗಳ ಮದುವೆಯೂ ಅಲ್ಲೇ ಆಯಿತು. ಆದರೆ ಚೆನ್ನಾಗಿ ನಡೆಯುವ ಅಂಗಡಿಯಲ್ಲಿ ಅವರಿಗೆ ನಿಂತ ನೆಲ ಸುಡುತ್ತದೆ. ಮೂರನೆಯ ದೇಶದಲ್ಲಿ ಮೇಣದಬತ್ತಿ. ನಾವು ಹೋದ ವರ್ಷವೇ ಆ ಊರಿಗೆ ಇಪ್ಪತ್ನಾಲ್ಕು ಗಂಟೆ ಕರೆಂಟು ಬಂತು. ಇದು ನಾಲ್ಕನೆಯ ದೇಶ. ಇಲ್ಲಿ ಮೂರು ಒಗೆಯುವ ಯಂತ್ರ, ಒಂದು ಇಸ್ತ್ರಿ ಮೇಜು.

ನಾಲ್ಕು ದೇಶದಲ್ಲೂ ಬೀಗ ಮಾತ್ರ ಒಂದೇ. ಅಂಗೈ ಅಗಲದ ಹಿತ್ತಾಳೆ ಬೀಗ, ಕೊಡೆ ಅಂಗಡಿಗೆಂದು ಕೊಂಡದ್ದು. ಅಂಗಡಿ ಬದಲಾದರೂ ಬೀಗ ಬದಲಾಗಬಾರದು ಎಂಬುದು ಅವರ ಹಟ. ಅದಕ್ಕೆ ಎರಡು ಬೀಗದ ಕೈ. ಎರಡೂ ಅವರ ಬಳಿಯೇ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದನ್ನೂ ನನ್ನ ಕೈಗೆ ಕೊಟ್ಟಿಲ್ಲ. ಬೆಳಿಗ್ಗೆ ತೆರೆಯುವವರು ಅವರೇ, ಸಂಜೆ ಹಾಕುವವರು ಅವರೇ. ಬಟ್ಟೆ ಒಗೆಯುವುದಕ್ಕೆ ಮಾತ್ರ ನಾನು.

ಹೊಸ ದೇಶಕ್ಕೆ ಹೊರಡುವಾಗ ಅವರು ನನಗೆ ಹೇಳಿ ಹೋಗುವುದಿಲ್ಲ. ಹೇಳಿದರೆ ನಾನು ತಡೆಯುತ್ತೇನೆ ಎನ್ನುತ್ತಾರೆ, ಅದು ನಿಜ. ಹೆಗಲಿಗೆ ಹಾಕುವ ಕಂದು ಬ್ಯಾಗೊಂದಿದೆ. ಅವರ ಪಾಸ್‌ಪೋರ್ಟು, ಕಾಗದಪತ್ರ ಸದಾ ಅದರ ಒಳಜೇಬಿನಲ್ಲೇ ಇರುತ್ತವೆ. ಒಂದು ದಿನ ಶಟರಿನ ಬೀಗ ಕಳಚಿ ಆ ಬ್ಯಾಗಿಗೆ ಹಾಕಿಕೊಂಡು, ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿಬಿಡುತ್ತಾರೆ. ಆ ದೇಶದ ನಂಬರು ಆ ದೇಶದಲ್ಲೇ ಕೊಳ್ಳಬೇಕಂತೆ. ಹತ್ತು ಹದಿನೈದು ದಿನದ ಮೇಲೆ ಅಂಗಡಿಯ ಫೋನಿಗೆ ಕರೆ ಬರುತ್ತದೆ. ‘ಬೀಗ ಹಾಕಿದೀನಿ ಕಣೇ, ಬಾ’ ಎನ್ನುತ್ತಾರೆ. ಅಷ್ಟೇ. ಅಷ್ಟರೊಳಗೆ ನಾನು ಇಲ್ಲಿಯ ಸಾಮಾನು ಮಾರಿ, ಮನೆ ಬಿಡಿಸಿ, ಪೆಟ್ಟಿಗೆ ಕಟ್ಟಿ ಕುಳಿತಿರಬೇಕು. ಮೂರು ಸಲ ಹೀಗೆಯೇ ಆಗಿದೆ. ನಮ್ಮ ಮನೆಯಲ್ಲಿ ಇದಕ್ಕೆ ‘ಬೀಗ ಎದ್ದಿತು’ ಎನ್ನುತ್ತೇವೆ. ಮಗಳು ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಮೊದಲು ಶಟರು ನೋಡುತ್ತಿದ್ದಳು, ಆಮೇಲೆ ಊಟ ಕೇಳುತ್ತಿದ್ದಳು.

2ನೇ ತಾರೀಕು ಭಾನುವಾರ ಸಂಜೆ ಬೀಗ ಹಾಕುವಾಗ ಅವರು ಬಹಳ ಹೊತ್ತು ಶಟರಿನ ಮುಂದೆ ಕುಳಿತಿದ್ದರು. ಏನು ಮಾಡುತ್ತಿದ್ದಾರೆಂದು ನಾನು ಕೇಳಲಿಲ್ಲ. ಊಟ ಮಾಡುವಾಗ, ಚೌಕದಲ್ಲಿ ದೊಡ್ಡ ಲಾಂಡ್ರಿ ಬಂದಿದೆ, ಇಲ್ಲಿ ಇನ್ನು ಕಷ್ಟ, ಸಾಬೂನು ಮಾಡುವ ಒಬ್ಬರ ಪರಿಚಯವಾಗಿದೆ ಎಂದರು. ಯಾವ ದೇಶದವರು ಎಂದು ಕೇಳಿದೆ. ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

3ನೇ ತಾರೀಕು ಸೋಮವಾರ ನಮಗೆ ರಜೆ. ಬೆಳಿಗ್ಗೆ ಸುಮಾರು ಹತ್ತಕ್ಕೆ ನಾನು ಅಂಗಡಿಯ ಹಿಂಬದಿಯಲ್ಲಿ ಮನೆಯ ಬಟ್ಟೆಯನ್ನು ಯಂತ್ರಕ್ಕೆ ಹಾಕಿದ್ದೆ. ಅವರು ಬಾಗಿಲಲ್ಲಿ ನಿಂತು ಏನೋ ಹೇಳಿದರು. ಯಂತ್ರ ಬಟ್ಟೆ ಹಿಂಡುತ್ತಿತ್ತು, ಕೇಳಿಸಲಿಲ್ಲ. ಕೇಳಿಸಿದವಳ ಹಾಗೆ ತಲೆಯಾಡಿಸಿದೆ. ಅವರ ಮೈಮೇಲೆ ನೀಲಿ ಗೆರೆಯ ಅಂಗಿ, ಹೆಗಲಲ್ಲಿ ಬ್ಯಾಗು ಇತ್ತು.

ಹನ್ನೆರಡು ಗಂಟೆಗೆ ಮುಂದೆ ಬಂದು ನೋಡಿದೆ. ಶಟರು ಇಳಿದಿತ್ತು, ಕೊಂಡಿಯಲ್ಲಿ ಬೀಗ ಇರಲಿಲ್ಲ. ಮೊಬೈಲು ಇಸ್ತ್ರಿ ಮೇಜಿನ ಮೇಲಿತ್ತು. ಬೀಗ ಎದ್ದಿತು ಎಂದುಕೊಂಡೆ. ಕೊಡೆ ಅಂಗಡಿಯ ಕಾಲದಲ್ಲಾಗಿದ್ದರೆ ಅಳುತ್ತಿದ್ದೆ. ಈಗ ಬಂದದ್ದು ಸಿಟ್ಟು. ಅರವತ್ತಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ಖಾಲಿ ಅಂಗಡಿಗೆ ಕೇಳುವಂತೆ ಬೈದೆ. ಒಂದು ಮಾತನ್ನು ಇಲ್ಲಿ ಬರೆದುಕೊಳ್ಳಿ. ನಿಜವಾಗಿ ದೇಶ ಬಿಡುವಾಗ ಅವರು ಎಂದೂ ಬಾಗಿಲಲ್ಲಿ ನಿಂತು ಮಾತಾಡಿದವರಲ್ಲ. ಆ ದಿನ ಮಾತಾಡಿದ್ದರು. ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

4ರಿಂದ 12ರವರೆಗೆ ನನ್ನ ಪಾಲಿನ ಕೆಲಸ ಮಾಡಿದೆ. ಗಿರಾಕಿಗಳ ಬಟ್ಟೆಯನ್ನೆಲ್ಲ ಮನೆಮನೆಗೆ ತಲುಪಿಸಿದೆ. ಎರಡು ಯಂತ್ರಗಳನ್ನು ಹಾಸ್ಟೆಲಿನವರು ಕೊಂಡರು, ಮೂರನೆಯದನ್ನು ಬುಧವಾರ ಹೋಟೆಲಿನವರು ಒಯ್ದರು. ಸಾಹುಕಾರರು ಈ ಸಲ ಎಲ್ಲಿಗೆ ಎಂದು ಬೀದಿಯವರು ಕೇಳಿದರು. ಕರೆ ಬಂದ ಮೇಲೆ ನನಗೂ ಗೊತ್ತಾಗುತ್ತದೆ ಎಂದೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಕರೆ ಬಂದರೆ ಕೇಳಿಸಲಿ ಎಂದು ಕೆಳಗೆ ಇಸ್ತ್ರಿ ಮೇಜಿನ ಮೇಲೆಯೇ ಮಲಗುತ್ತಿದ್ದೆ. 10ನೇ ತಾರೀಕು ಮಧ್ಯಾಹ್ನ ಫೋನು ಬಂತು. ಓಡಿ ಹೋಗಿ ಎತ್ತಿದರೆ ಮಗಳು. ‘ಏನಮ್ಮಾ, ಅಪ್ಪ ಈ ಸಲ ಯಾವ ದೇಶದಲ್ಲಿದಾರಂತೆ? ನಾನೂ ನಿಮ್ಮಳಿಯನೂ ಪಂದ್ಯ ಕಟ್ಟಿದೀವಿ’ ಎಂದಳು. ಇನ್ನೂ ಬೀಗ ಹಾಕಿಲ್ಲ, ಫೋನು ಇಡು, ಅವರು ಮಾಡುವ ಹೊತ್ತು ಎಂದು ಗದರಿದೆ.

14ನೇ ತಾರೀಕು, ಅಂದರೆ ನಿನ್ನೆ ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ಬಸ್ ನಿಲ್ದಾಣದ ಪಕ್ಕದ ಬೀಗ ರಿಪೇರಿಯವರು ನಮ್ಮ ಅಂಗಡಿಗೆ ಬಂದರು. ಅವರ ಕೈಯಲ್ಲಿ ನನ್ನ ಗಂಡನ ಕಂದು ಬ್ಯಾಗು. ‘ಅಂಗಡಿ ಖಾಲಿ ಮಾಡ್ತಿದೀರಂತೆ ಅಕ್ಕಾ. ಬೀಗ ಮರೆತೇ ಬಿಟ್ರಲ್ಲ ಅಂತ ನಾನೇ ತಂದೆ. ನನಗೂ ಜ್ವರ ಬಂದು ಅಂಗಡಿ ಮುಚ್ಚಿತ್ತು’ ಎಂದರು. ಬೀಗ ಇವರ ಬಳಿ ಹೇಗೆ ಬಂತೆಂದು ಕೇಳಿದೆ. 3ನೇ ತಾರೀಕು ಬೆಳಿಗ್ಗೆ ನನ್ನ ಗಂಡನೇ ತಂದು ಕೊಟ್ಟರಂತೆ. ಬೀಗ ಬಿಗಿದುಕೊಂಡು, ಬೀಗದ ಕೈ ತಿರುಗುತ್ತಿರಲಿಲ್ಲವಂತೆ. ಒಂದು ಬೀಗದ ಕೈಯನ್ನು ಇವರಿಗೆ ಕೊಟ್ಟು ಇನ್ನೊಂದನ್ನು ಅಂಗಿಯ ಜೇಬಿಗೆ ಹಾಕಿಕೊಂಡರಂತೆ. ಬ್ಯಾಗು ಇಲ್ಲೇ ಇರಲಿ, ಸಂಜೆ ಬಂದು ಬೀಗವನ್ನು ಅದರಲ್ಲೇ ಒಯ್ಯುತ್ತೇನೆ, ಮನೆಯಲ್ಲಿ ಚಹಾ ಇಡಲು ಹೇಳಿ ಬಂದಿದ್ದೇನೆ ಎಂದು ಹೇಳಿ ಹೊರಟರಂತೆ. ಒಳಗಿನ ಸ್ಪ್ರಿಂಗು ಬದಲಾಯಿಸಿದ್ದೇನೆ, ಎರಡರಲ್ಲಿ ಯಾವ ಬೀಗದ ಕೈ ಹಾಕಿದರೂ ಈಗ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತದೆ ಎಂದೂ ಹೇಳಿದರು.

ನಾನು ಬ್ಯಾಗಿನ ಒಳಜೇಬಿಗೆ ಕೈ ಹಾಕಿದೆ. ಪಾಸ್‌ಪೋರ್ಟು ಇತ್ತು. ಕುಳಿತುಕೊಳ್ಳೋಣವೆಂದರೆ ಅಂಗಡಿಯಲ್ಲಿ ಕುರ್ಚಿಯೂ ಇರಲಿಲ್ಲ, ಮಾರಿಬಿಟ್ಟಿದ್ದೆ.

ಅಲ್ಲಿಂದ ನೇರ ಈ ಠಾಣೆಗೆ ಓಡಿ ಬಂದೆ. ತಮ್ಮಲ್ಲಿ ಒಬ್ಬರು ಹಳೆಯ ಕಾಗದ ತೆಗೆದು ಓದಿ ಹೇಳಿದರು. 3ನೇ ತಾರೀಕು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬೀಗ ರಿಪೇರಿ ಅಂಗಡಿಯಿಂದ ನಾನೂರು ಮೀಟರ್ ದೂರದ ಚೌಕದಲ್ಲಿ, ಒಬ್ಬ ಗಂಡಸಿಗೆ ಲಾರಿ ತಾಗಿತಂತೆ. ತಲೆಗೆ ಪೆಟ್ಟಾಗಿ ಪ್ರಜ್ಞೆಯಿಲ್ಲದೆ ದೊಡ್ಡ ಆಸ್ಪತ್ರೆಯಲ್ಲಿದ್ದು 10ನೇ ತಾರೀಕು ಮಧ್ಯಾಹ್ನ ತೀರಿಕೊಂಡರಂತೆ. ಹೆಸರು ಹೇಳುವ ಕಾಗದ ಮೈಮೇಲೆ ಇರಲಿಲ್ಲವಂತೆ. ಯಾರೂ ಕೇಳಿಕೊಂಡು ಬಾರದ್ದರಿಂದ 13ನೇ ತಾರೀಕು ಮಣ್ಣು ಮಾಡಿದರಂತೆ. ನಾನು ಬಂದದ್ದು 14ಕ್ಕೆ. ಈ ದಿನ ಬೀಗ ತೆಗೆದುಕೊಂಡು ಬರಲು ಹೇಳಿದರು, ತಂದಿದ್ದೇನೆ.

ಅದು ನನ್ನ ಗಂಡ ಅಲ್ಲ ಎಂಬುದಕ್ಕೆ ನನ್ನ ಕಾರಣಗಳನ್ನು ಹೇಳಬಯಸುತ್ತೇನೆ. ತಾವು ತೋರಿಸಿದ ಫೋಟೋದಲ್ಲಿ ಹಣೆಯಿಂದ ಕೆನ್ನೆಯವರೆಗೆ ಪಟ್ಟಿ ಸುತ್ತಿದೆ. ಕಾಣುವ ಮೂಗು ದಪ್ಪ, ನನ್ನ ಗಂಡನದು ಇಷ್ಟು ದಪ್ಪವಿಲ್ಲ. ಊದಿಕೊಂಡರೆ ಹಾಗಾಗುತ್ತದೆ ಎಂದಿರಿ. ಅಂಗಿಗೆ ನೀಲಿ ಗೆರೆ ಇದೆ ಎಂದಿರಿ. ನೀಲಿ ಗೆರೆಯ ಅಂಗಿಯನ್ನು ವಾರಕ್ಕೆ ಇಪ್ಪತ್ತಾದರೂ ಒಗೆಯುತ್ತೇನೆ. ಜೇಬಿನಲ್ಲಿದ್ದ ಕರವಸ್ತ್ರವನ್ನು ಮೂರು ಮಡಿಕೆ ಮಾಡಿ ತುದಿಯನ್ನು ಒಳಕ್ಕೆ ಸಿಕ್ಕಿಸಲಾಗಿದೆ. ನಾನೂ ಹಾಗೆಯೇ ಮಡಿಸುತ್ತೇನೆ. ಹಾಗೆ ಮಡಿಸುವವರು ಊರಿನಲ್ಲಿ ಬೇರೆಯವರೂ ಇರಬಹುದು. ಆ ಮನುಷ್ಯ ಡಿಪೋ ಕಡೆಗೆ, ಅಂದರೆ ನಮ್ಮ ಮನೆಯ ದಿಕ್ಕಿಗೆ, ಬೇಗ ಬೇಗ ನಡೆದು ಬರುತ್ತಿದ್ದರು ಎಂದು ಚೌಕದ ಹಣ್ಣಿನ ಅಂಗಡಿಯವರು ಹೇಳಿದ್ದಾರೆ. ಹಾಗಾದರೆ ಖಂಡಿತ ಅವರಲ್ಲ. ನನ್ನ ಗಂಡ ಮನೆ ಕಡೆಗೆ ಬೇಗ ಬೇಗ ನಡೆದದ್ದನ್ನು ನಾನು ಈವರೆಗೆ ಕಂಡಿಲ್ಲ.

ಸಾಬೂನು ಮಾಡುವವರನ್ನು ವಿಚಾರಿಸಿ. ಬಂದರು, ಬಸ್ಸು, ರೈಲು, ಎಲ್ಲ ಕಡೆ ಕೇಳಿ. ಪಾಸ್‌ಪೋರ್ಟಿಲ್ಲದೆ ಹೋಗಲಾಗದು ಎಂದು ನನಗೂ ಗೊತ್ತು. ಆದರೆ ಮಳೆ ಬಾರದ ಊರಿನಲ್ಲಿ ಕೊಡೆ ಮಾರಲು ಹೋದ ಮನುಷ್ಯ ಅವರು, ಏನು ಬೇಕಾದರೂ ಮಾಡಬಲ್ಲರು. ದಯವಿಟ್ಟು ಹುಡುಕಿ. ನಾನು ಬೈದದ್ದನ್ನು ಅವರಿಗೆ ಹೇಳಬೇಕಾಗಿಲ್ಲ.

ನಾನು ಹೇಳಿದ್ದನ್ನೇ ಬರೆದುಕೊಂಡು, ನನಗೆ ಓದಿ ಕೇಳಿಸಿದ್ದಾರೆ. ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ, ಸುಳ್ಳಿಲ್ಲ.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ತಾರೀಕು: 15, ಮಧ್ಯಾಹ್ನ 12.30
ಸಹಿ: (ಹೇಳಿಕೆದಾರರದು)

ಮುಂದುವರಿದ ಹೇಳಿಕೆ, ಅದೇ ದಿನ, 12.50:

ಬೀಗವನ್ನು ಮೇಜಿನ ಮೇಲೆ, ಆ ಜೇಬಿನಲ್ಲಿ ಸಿಕ್ಕಿದ ಬೀಗದ ಕೈಯ ಪಕ್ಕದಲ್ಲಿ ಇಟ್ಟಿರಿ. ಬೀಗ ರಿಪೇರಿಯವರೂ ಹಾಜರಿದ್ದರು. ‘ನಾನು ಹಾಕಿ ನೋಡ್ಲಾ ಅಕ್ಕಾ?’ ಎಂದು ಅವರು ಕೇಳಿದರು. ಬೇಡ, ನಾನೇ ಹಾಕುತ್ತೇನೆ ಎಂದೆ. ಆ ಬೀಗಕ್ಕೆ ನಾನು ಬೀಗದ ಕೈ ಹಾಕಿದ್ದು ಇದೇ ಮೊದಲು. ಯಾವ ಕಡೆ ತಿರುಗಿಸಬೇಕೆಂದು ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೆ. ಬಲಕ್ಕೆ ತಿರುಗಿಸಿದೆ. ಬೀಗ ತೆರೆಯಿತು. ಒಂದಿಷ್ಟೂ ಬಿಗಿಯಾಗಲಿಲ್ಲ.

ತಾವು ನೀರು ತರಿಸಿದಿರಿ, ಕುಡಿದೆ. ಮೇಲಿನ ಹೇಳಿಕೆಯಲ್ಲಿ ‘ಪತ್ತೆ ಮಾಡಿಕೊಡಬೇಕು’ ಎಂದಿರುವುದನ್ನು ಹೊಡೆದುಹಾಕೋಣವೇ ಎಂದು ಕೇಳಿದಿರಿ. ಬೇಡ, ಹಾಗೆಯೇ ಇರಲಿ. ಮಣ್ಣು ಮಾಡಿದ ಜಾಗ ಎಲ್ಲಿದೆಯೋ ನನಗೆ ತಿಳಿಯದು, ಅಲ್ಲಿಗೆ ಕರೆದುಕೊಂಡು ಹೋಗಿ. ಮೂರು ಸಲವೂ ಅವರು ಬಾ ಎಂದ ಮೇಲೆಯೇ ನಾನು ಹೊರಟವಳು. ಈ ಸಲ ಅವರು ಕರೆದಿಲ್ಲ, ನಾನೇ ಹೋಗುತ್ತೇನೆ.

ಸಹಿ: (ಹೇಳಿಕೆದಾರರದು)