ಆಗಲ್ಲ ಅನ್ನದ ಊರು

ದೆಹಲಿಯ ಆರ್.ಕೆ.ಪುರಂ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿದ್ದೇ ತಡ, ಇಪ್ಪತ್ತು ವರ್ಷದಿಂದ ಇಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ಗಿರಿಜಮ್ಮನ ಕಿವಿ ನಿಮಿರಿತು. ತಿರುಗಿ ನೋಡಿದರೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರ ಕೊರಳಲ್ಲೂ ಆಫೀಸಿನ ಕಾರ್ಡು.

"ಚಿರಂತ್, ಫಿನ್ಲೆಂಡಿಂದ ಬಂದಿದಾರಲ್ಲ ನಿಮ್ಮ ಮ್ಯಾನೇಜರ್, ಅವರಿಗೆ ದೆಹಲಿ ಹೇಗನ್ನಿಸ್ತಂತೆ?"

"ಮೂರೇ ದಿನಕ್ಕೆ ಹೆಡ್ಡಾಫೀಸಿಗೆ ಮೇಲ್ ಹಾಕಿದಾರೆ ಮಯೂರಿ. ಹೊಗೆ, ಹಾರನ್ನು ಎಲ್ಲಾ ಬರೆದು, ಕೊನೇಲಿ, ಇಲ್ಲಿ ಯಾರೂ ಆಗಲ್ಲ ಅನ್ನೋದೇ ಇಲ್ಲ ಅಂತ ಹೊಗಳಿದಾರೆ."

"ಅಚ್ಛಾ! ಯಾರನ್ನ ನೋಡಿ?"

"ನಮ್ಮನ್ನೇ. ಸೋಮವಾರಕ್ಕೆ ಆ್ಯಪ್ ರೆಡಿ ಆಗತ್ತಾ ಅಂತ ಕೇಳಿದ್ರು. ಟೀಮಲ್ಲಿ ಎಲ್ರೂ ಆಗತ್ತೆ ಅಂದ್ವಿ."

"ಅದಕ್ಕಿನ್ನೂ ಹದಿನೈದು ದಿನ ಬೇಕಲ್ಲೋ!"

"ಅಷ್ಟು ದೂರದಿಂದ ಬಂದೋರು. ಮೊದಲ್ನೇ ದಿನಾನೇ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನೋದು ಹೇಗೆ? ಅವರು ಅದನ್ನೇ ನಂಬಿ ಕ್ಲೈಂಟಿಗೆ ಮಾತು ಕೊಟ್ಟುಬಿಟ್ಟಿದಾರೆ."

"ಇವತ್ತಾದ್ರೂ ಹೇಳ್ಬಿಡು."

"ಬೆಳಿಗ್ಗೆ ಫೋನ್ ಮಾಡಿ ಮತ್ತೆ ಕೇಳಿದ್ರು. ಎಷ್ಟು ಖುಷಿಯಾಗಿದ್ರು ಗೊತ್ತಾ? ಆಗತ್ತೆ ಅಂದೆ."

"ದೇವರೇ! ಈಗೇನ್ಮಾಡ್ತೀರಾ?"

"ಶನಿವಾರ, ಭಾನುವಾರ ಎಲ್ರೂ ಆಫೀಸಲ್ಲೇ. ಊಟ, ನಿದ್ದೆ ಎಲ್ಲಾ ಅಲ್ಲೇ."

ರೈಲು ಬಂದು ನಿಂತಿತು. ಬಾಗಿಲ ಬಳಿ ಮಯೂರಿ ತಿರುಗಿದಳು.

"ಹಾಗಾದ್ರೆ ಭಾನುವಾರ ನಮ್ಮನೆ ಊಟ? ಅಮ್ಮ ನಿನಗೋಸ್ಕರ ಹೋಳಿಗೆ ಮಾಡ್ತಿದಾರೆ."

ಚಿರಂತ್ ಒಂದು ಕ್ಷಣ ಅವಳ ಮುಖ ನೋಡಿದ.

"ಬರ್ತೀನಿ ಮಯೂರಿ, ಖಂಡಿತ."

ಬಾಗಿಲು ಮುಚ್ಚಿತು. ಅವನ ಪಾಲಿನ ಹೋಳಿಗೆ ತಟ್ಟೆಯಲ್ಲೇ ಆರಿ ತಣ್ಣಗಾಗುವುದು ಗಿರಿಜಮ್ಮನಿಗೆ ನಿಂತಲ್ಲಿಂದಲೇ ಕಾಣಿಸಿತು.