ಕಪ್ಪು ಗಾಜಿನ ಹಿಂದಿನ ಕೈ

ಎರಡು ಊರಾಚೆ ಇರುವೆ ಸೀನಿದರೂ ತನಗೆ ಕೇಳಿಸುತ್ತದೆ ಎನ್ನುವುದು ಟ್ಯಾಕ್ಸಿ ಓಡಿಸುವ ಬಡಾಯಿ ಮಾವನ ಜಂಬ. ವಾಹನ ತಪಾಸಣೆ ಕಚೇರಿಯ ಬೆಂಚಿನಲ್ಲಿ ತ್ರೇತಾಯುಗದಿಂದ ಸರದಿ ಕಾಯುತ್ತಿದ್ದವನಿಗೆ ಪಕ್ಕದ ತಾಯಿ ಮಗನ ಮಾತು ಕೇಳದಿರುತ್ತದೆಯೇ?

“ಕಾರು ಪಾಸಾಗ್ಲಿಲ್ಲಮ್ಮ. ಹಿಂದಿನ ಕಿಟಕಿ ಗಾಜು ತುಂಬಾ ಕಪ್ಪಂತೆ. ಅರ್ಧ ಬೆಳಕಾದ್ರೂ ಒಳಗೆ ಹೋಗ್ಬೇಕು ಅಂತ ಕಾನೂನಿದೆಯಂತೆ. ಅಂಟಿಸಿದ್ದ ಕಪ್ಪು ಫಿಲ್ಮ್ ಕೀಳ್ತಿದಾರೆ.”

“ನಂಗೆ ಒಳಗಿಂದ ಎಲ್ಲಾ ಚೆನ್ನಾಗೇ ಕಾಣ್ತಿತ್ತಲ್ಲೋ.”

“ಹೊರಗಿನೋರಿಗೆ ಒಳಗೇನೂ ಕಾಣಲ್ಲ. ಅದೇ ತಕರಾರು.”

“ಏನೂ ಅಂದ್ರೆ? ನಾನೂನಾ?”

“ನೀನೂ ಕಾಣಲ್ಲ, ನಿನ್ನ ಸೀಟೂ ಕಾಣಲ್ಲ.”

ತಾಯಿ ಮಗನತ್ತ ತಿರುಗಿದಳು. ಬಡಾಯಿ ಮಾವ ಉಸಿರಾಟವನ್ನೇ ಮುಂದೂಡಿದ.

“ಹಾಗಾದ್ರೆ ನಿಮ್ಮ ದೊಡ್ಡಮ್ಮ...”

“ಅವರ ಸುದ್ದಿ ಯಾಕೀಗ? ನೀವಿಬ್ರೂ ಮಾತು ಬಿಟ್ಟು ವರ್ಷವಾಯ್ತು.”

“ಜಗಳ ಆದ್ಮೇಲೆ ಅವಳ ಮನೆ ಮುಂದೆ ಇದೇ ಕಾರಲ್ಲಿ ಹೋದಾಗ ನಾನೇ ಮೊದಲು ಕೈ ಬೀಸ್ದೆ ಕಣೋ. ಗೇಟ್ ಹತ್ರ ಗೊಂಬೆ ಥರ ನಿಂತಿದ್ಲು. ಒಡಹುಟ್ಟಿದವಳಿಗೆ ಅಷ್ಟು ಕೊಬ್ಬಾ ಅಂತ ನಾನೂ ಬಿಗಿದುಕೊಂಡೆ.”

“ಅಯ್ಯೋ ಅಮ್ಮ! ಗಾಜು ಇಳಿಸಿ ಬೀಸ್ಬಾರ್ದಿತ್ತಾ?”

“ಎಸಿ ಹಾಕಿದೀನಿ, ಇಳಿಸ್ಬೇಡ ಅಂತ ಬೈದೋನು ನೀನೇ!”

ಫಿಲ್ಮ್ ಕಿತ್ತಾಯಿತೆಂದು ಒಳಗಿನಿಂದ ಕೂಗಿದರು. ಇಬ್ಬರೂ ಎದ್ದರು.

“ಮನೆಗೆ ತಾನೇ?”

“ದೊಡ್ಡಮ್ಮನ ಬೀದಿ ಮೇಲೆ ಹೋಗು. ಗಾಜೂ ಇಳಿಸು.”

“ಫಿಲ್ಮ್ ತೆಗೆದಾಯ್ತಲ್ಲ, ಕಾಣ್ತೀಯ ಬಿಡು.”

“ಅವಳ ಕಣ್ಣು ಮೊದಲೇ ಅಷ್ಟಕ್ಕಷ್ಟೆ. ಇಳಿಸು ಅಂದ್ರೆ ಇಳಿಸು.”

ದೊಡ್ಡಮ್ಮನ ಬೀದಿ ಎಲ್ಲಿತ್ತೋ, ಕಾರು ಕಚೇರಿಯ ಗೇಟು ದಾಟುವಾಗಲೇ ಹಿಂದಿನ ಕಿಟಕಿಯಿಂದ ಒಂದು ಕೈ ಹೊರಬಂದಿತ್ತು. ಬಡಾಯಿ ಮಾವನ ಪ್ರಕಾರ ಅದು ದೀಪದ ಕಂಬದಷ್ಟು ಉದ್ದವಿತ್ತು.