ಬಿಧುವಿನ ಕೆಂಪು ಮುಚ್ಚಳ

ಆ ವರ್ಷ ವಿಶ್ವಕರ್ಮ ಪೂಜೆಯ ದಿನವೇ ಮಳೆ ಹಿಡಿದುಬಿಟ್ಟಿತು. ಗಾಳಿಪಟ ಹಾರಿಸುವ ಹಬ್ಬವದು, ಆದರೂ ಕಲ್ಕತ್ತೆಯ ಆಕಾಶದಲ್ಲಿ ಒಂದೇ ಒಂದು ಗಾಳಿಪಟ ಏಳಲಿಲ್ಲ. ಮಧ್ಯಾಹ್ನಕ್ಕೆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಸಂಜೆಯ ಹೊತ್ತಿಗೆ ಬಸ್ಸೂ ಇಲ್ಲ, ಕರೆಂಟೂ ಇಲ್ಲ. ಹೊಗೆ ಸೆನ್ಸರ್ ಕೂರಿಸುವ ಕೆಲಸದವರಾದ ನಾವು ನಾಲ್ಕೈದು ಮಂದಿ ಕೆಲಸಕ್ಕೆ ಹೋಗಿದ್ದ ಕಟ್ಟಡದ ಕೆಳಮಹಡಿಯಲ್ಲೇ ಸಿಕ್ಕಿಬಿದ್ದೆವು. ಯಾವ ಸೆನ್ಸರ್ ಹೊಗೆ ಕಂಡಿತೆಂದು ದೀಪ ಹತ್ತಿಸಿ ತೋರಿಸುವ ಬೆಂಕಿ ಗಂಟೆಯ ಪ್ಯಾನಲ್ ಮಾತ್ರ ಗೋಡೆಯ ಮೇಲೆ ಬ್ಯಾಟರಿಯಲ್ಲಿ ಉಸಿರಾಡುತ್ತಿತ್ತು. ಅದರ ಹಸಿರು ದೀಪದ ಕೆಳಗೆ ನಾನು ಕೂತಿದ್ದೆ.

ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಡ್ರಿಲ್ಲು, ಇಕ್ಕಳ, ಏಣಿಗಳಿಗೆ ಸಿಂಧೂರ ಹಚ್ಚಿ ಪೂಜೆ ಮಾಡಿದ್ದೆವು. ಹೊಗೆ ಕಂಡರೆ ಕೂಗುವ ಯಂತ್ರ ಕೂರಿಸಿ ಹೊಟ್ಟೆ ಹೊರೆಯುವವರು ನಾವು, ನಮ್ಮ ದೇವರಿಗೋ ಹೊಗೆಯೇ ಬೇಕು. ಅದಕ್ಕೇ ಪ್ರತಿ ವರ್ಷದ ಪದ್ಧತಿಯಂತೆ ಅಲ್ಲಿನ ಸೆನ್ಸರ್‌ಗಳಿಗೆಲ್ಲ ಹೊಗೆ ತಾಗದಂತೆ ಕೆಂಪು ಪ್ಲಾಸ್ಟಿಕ್ ಮುಚ್ಚಳ ಹಾಕಿ, ಆಮೇಲೆಯೇ ಧೂಪ ಹಚ್ಚಿದ್ದೆವು.

ಮಂಡಕ್ಕಿ, ಬದನೆ ಬಜ್ಜಿ ಕೈಯಿಂದ ಕೈಗೆ ಹೋಗುತ್ತಿದ್ದಾಗ ನಮ್ಮ ಹಿರಿಯ, ಎಲ್ಲರಿಗೂ ಅಣ್ಣನಾದ ಗೋಷ್ಠದಾ ತಲೆಯೆತ್ತಿ ಕೇಳಿದರು.

"ನಿತಾಯಿ, ಮುಚ್ಚಳ ಎಲ್ಲಾ ತೆಗೆದ್ಯೇನೋ?"

"ತೆಗ್ದೆ ಗೋಷ್ಠದಾ, ನಿಮ್ಮಾಣೆ."

"ನನ್ನಾಣೆ ಯಾಕಪ್ಪಾ? ನಾನು ಇನ್ನೂ ಸ್ವಲ್ಪ ದಿನ ಇರ್ಬೇಕು. ಮೇಲೆ ಬಾಣಂತಿ ಮಲಗಿದಾಳೆ, ನೆನಪಿರ್ಲಿ."

ಕಟ್ಟಡ ಕಾಯುವ ಬಿಂದೇಶ್ವರನ ಹೆಂಡತಿ, ತಿಂಗಳೂ ತುಂಬದ ಕೂಸಿನೊಡನೆ ಮೇಲಿನ ಮಹಡಿಯ ಕೋಣೆಯಲ್ಲಿದ್ದಳು. ಬಿಂದೇಶ್ವರ ನಮ್ಮ ಜೊತೆಯಲ್ಲೇ ಬಜ್ಜಿ ತಿನ್ನುತ್ತಿದ್ದ. ಹೊತ್ತು ಕಳೆಯಲು ಯಾರೋ ಒಂದು ದೆವ್ವದ ಕತೆ ಹೇಳಿ ಎಂದರು. ಗೋಷ್ಠದಾ ಚಹಾದ ಮಣ್ಣಿನ ಕುಡಿಕೆಯನ್ನು ಕೆಳಗಿಟ್ಟರು.

"ದೆವ್ವ ಅನ್ಬೇಡ್ರೋ ಅವನನ್ನ. ಬಿಧು ಅಂತ ಹೆಸರಿತ್ತು ಅವನಿಗೆ... ಬಿಧು ಮಾಝಿ. ನಂಜೊತೆ ಕೆಲಸ ಕಲಿತೋನು. ಈಗ ಸೆನ್ಸರ್ ಪರೀಕ್ಷೆ ಮಾಡೋಕೆ ನಿಮಗೆ ಉದ್ದ ಕೋಲು, ಅದರ ತುದೀಲಿ ಹೊಗೆ ಡಬ್ಬಿ, ಮಾತಾಡೋಕೆ ಮೊಬೈಲು, ರಾಜರು ನೀವು! ಆವಾಗ ಏನಿತ್ತು? ಬಿಧು ಏಣಿ ಹತ್ತೋದು, ಬೀಡಿ ಎಳೆಯೋದು, ಸೆನ್ಸರ್ ಮೂತಿಗೆ ಹೊಗೆ ಬಿಡೋದು, ಮೆಟ್ಟಿಲುಗಳ ನಡುವೆ ಬಾವಿ ಥರ ಇರೋ ಸಂದಿಗೆ ಬಗ್ಗಿ 'ಸಿಕ್ತಾ?' ಅಂತ ಕೂಗೋದು. ಕೆಳಗೆ ಪ್ಯಾನಲ್ ಹತ್ರ ಇರೋನು ದೀಪ ಹತ್ತಿದ್ದು ನೋಡಿ 'ಸಿಕ್ತು' ಅನ್ಬೇಕು. ಅನ್ನೋವರೆಗೂ ಆಸಾಮಿ ಜಪ್ಪಯ್ಯ ಅಂದ್ರೂ ಇಳೀತಿರ್ಲಿಲ್ಲ. ನಾವೆಲ್ಲ ತಮಾಷೆ ಮಾಡ್ತಿದ್ವಿ, ನಿನ್ನ ಹೆಂಡ್ತಿ ಊಟಕ್ಕೆ ಕರೆದ್ರೂ ಸಿಕ್ತಾ ಅಂತೀಯೇನೋ ಅಂತ. ನಗ್ತಿದ್ದ... ಹಲ್ಲೆಲ್ಲ ಬೀಡಿ ಕಪ್ಪು.

"ಬೈಠಕ್‌ಖಾನಾ ಪೇಟೆ ಕಡೆ ಒಂದು ಹಳೇ ಕಟ್ಟಡ. ಕೆಳಗೆ ಅಚ್ಚಿನ ಮೆಷಿನ್ನು, ನಡುವೆ ಕಾಗದದ ಉಗ್ರಾಣ, ಮೇಲೆ ಪುಸ್ತಕಕ್ಕೆ ರಟ್ಟು ಕಟ್ಟೋ ಹೆಂಗಸರು. ಸೆನ್ಸರ್ ಎಲ್ಲಾ ಕಡೆ ಕೂರಿಸಿದ್ವಿ, ಆದ್ರೆ ಗಂಟೆ ತಂತಿ ಆ ಹೆಂಗಸರ ಮಹಡಿಗೆ ಮಾತ್ರ ಎಳೆದಿದ್ವಿ, ನಡುವಿನ ಮಹಡಿಗೆ ಇನ್ನೂ ಎಳೆದಿರ್ಲಿಲ್ಲ. ಅಷ್ಟರಲ್ಲಿ ಇದೇ ಪೂಜೆ ಬಂತು. ಅಚ್ಚಿನೋರು ಧೂಪದ ಬಟ್ಟಲು ಹಿಡ್ಕೊಂಡು ಎಲ್ಲಾ ಮಹಡಿ ಸುತ್ತಿದ್ರು, ಉಗ್ರಾಣಾನೂ ಬಿಡ್ಲಿಲ್ಲ. ಸುತ್ಲಿ, ಯಾರು ಬೇಡ ಅಂತಾರೆ? ಮುಚ್ಚಳ ಹಾಕಿದ್ವಲ್ಲ ನಾವು...

"ಪೂಜೆ ಮುಗಿದು ಮೆಷಿನ್ನು ಶುರುವಾದ್ಮೇಲೆ, ಬಿಧು ಮುಚ್ಚಳ ತೆಗೆಯೋಕೆ ಮೇಲೆ ಹೋದ. ನಾನು ಬೀದಿ ಅಂಗಡೀಲಿ ಚಹಾ ಹೇಳ್ತಿದ್ದೆ. ಹಾರಾಶಿತ್ ಅಂತ ಇನ್ನೊಬ್ಬ, ಒಳ್ಳೇ ಹುಡುಗ, ಅವನು ಪ್ಯಾನಲ್ ಹತ್ರ. ಉಗ್ರಾಣದ ಬಾಗಿಲ ಸಂದೀಲಿ ಹೊಗೆ ಬರೋದು ಕಂಡಿರ್ಬೇಕು ಬಿಧುಗೆ. ನೀವಾಗಿದ್ರೆ ಏನ್ಮಾಡ್ತಿದ್ರಿ? ಓಡ್ತಿದ್ರಿ. ನಾನೂ ಓಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ? ಅವನು ಉಗ್ರಾಣದ ಒಳಗೆ ನುಗ್ಗಿ, ಏಣಿ ಹತ್ತಿ ಸೆನ್ಸರ್ ಮುಚ್ಚಳ ಕಿತ್ತ. ಮೇಲಿರೋ ಹೆಂಗಸರಿಗೆ ಗೊತ್ತಾಗ್ಬೇಕಲ್ಲ! ಕಿತ್ತಿದ್ದೇ ತಡ, ಕೆಳಗೆ ದೀಪ ಹತ್ತಿತು. ಹಾರಾಶಿತ್ ಗಂಟೆ ಒತ್ತಿದ, ಹಿಂದಿನ ಮೆಟ್ಟಿಲಿಗೆ ಓಡಿದ, ಹೆಂಗಸರನ್ನೆಲ್ಲ ಇಳಿಸಿದ. ಒಬ್ಬಳ ಕೂದಲೂ ಕೊಂಕಲಿಲ್ಲ.

"ಎಲ್ಲಾ ಸರಿಯಾಗೇ ಮಾಡಿದ ಹುಡುಗ. ಒಂದೇ ಒಂದು ಬಿಟ್ಟ... 'ಸಿಕ್ತು' ಅನ್ಲಿಲ್ಲ.

"ಆ ಮೆಷಿನ್ ಸದ್ದಿನಲ್ಲಿ ಮೇಲಿನ ಗಂಟೆ ಬಿಧು ಕಿವಿಗೆ ಬೀಳ್ಲಿಲ್ಲ. ದೀಪ ಹತ್ತೇ ಇಲ್ಲ ಅಂದ್ಕೊಂಡ. ಹಾರಾಶಿತ್ ಮುಂದೆ ಇಳಿದಾಗಿತ್ತು, ಕೊನೇಲಿದ್ದ ಹೆಂಗಸರು ಹಿಂದಿನ ಮೆಟ್ಟಿಲು ಇಳೀತಾ ಕೇಳಿಸ್ಕೊಂಡ್ರಂತೆ, 'ಸಿಕ್ತಾ? ಸಿಕ್ತಾ ಹಾರಾಶಿತ್?' ಅಂತ... ಕೆಮ್ಮೋದು, ಕೂಗೋದು, ಕೆಮ್ಮೋದು. ನಾವು ಅವನನ್ನ ಹೊರಗೆ ತಂದಾಗ ಮುಷ್ಟೀಲಿ ಆ ಕೆಂಪು ಮುಚ್ಚಳ ಹಾಗೇ ಇತ್ತು. ಬಿಡಿಸೋಕೆ ಆಗ್ಲಿಲ್ಲ ನನ್ನ ಕೈಲಿ. ಸ್ಮಶಾನಕ್ಕೂ ಅದರ ಜೊತೇಲೇ ಹೋದ."

ಗೋಷ್ಠದಾ ಮೂಗು ಒರೆಸಿಕೊಂಡು ಮುಂದುವರಿಸಿದರು.

"ಕಟ್ಟಡ ರಿಪೇರಿ ಆದ್ಮೇಲೆ ಪರೀಕ್ಷೆಗೆ ಮತ್ತೆ ನಾವೇ ಹೋದ್ವಿ. ಹಾಡಹಗಲು ಕಣ್ರೋ, ಕಿಟಕೀಲಿ ಬಿಸಿಲು. ಹಾರಾಶಿತ್ ಕೆಳಗೆ, ನಾನು ಮೇಲೆ. ನಾನಿನ್ನೂ ಮೆಟ್ಟಿಲು ಹತ್ತೋದ್ರಲ್ಲಿದ್ದೆ, ಅವನು ಕೂಗ್ದ, ಗೋಷ್ಠದಾ, ಉಗ್ರಾಣದ ದೀಪ ಹತ್ತಿದೆ ಅಂತ. ಉಗ್ರಾಣಕ್ಕೆ ನಾನು ಹೋಗೇ ಇಲ್ವಲ್ಲೋ! ಅಲ್ಲಿ ಸುಣ್ಣದ ಧೂಳು ಬೀಳ್ತಿದೆ ಅಂತ ಮುಚ್ಚಳಾನೂ ತೆಗೆದಿಲ್ಲ. ಮುಚ್ಚಳ ಹಾಕಿದ ಸೆನ್ಸರ್ ಹೆಂಗೆ ಕೂಗುತ್ತೆ, ಹೇಳಿ? ಹಾರಾಶಿತ್ ಗುಂಡಿ ಒತ್ತಿ ಆರಿಸ್ದ. ಮತ್ತೆ ಹತ್ತಿತು. ಆರಿಸ್ದ. ಮತ್ತೆ ಹತ್ತಿತು. ಆಮೇಲೆ ಮೆಟ್ಟಿಲ ಸಂದಿ ಒಳಗಿಂದ, ನನ್ನ ತಲೆ ಮೇಲೆ... ಒಣಗಿದ ಗಂಟಲು. 'ಸಿಕ್ತಾ?'

"ಧೈರ್ಯ ಮಾಡಿ ನಾನೇ ಅಂದೆ, ಸಿಕ್ತು ಮಾರಾಯಾ ಅಂತ. ಉಹೂಂ. 'ಸಿಕ್ತಾ?' ಅವನಿಗೆ ಬೇಕಾಗಿದ್ದು ಪ್ಯಾನಲ್ ಹತ್ರ ಇರೋನ ಮಾತು. ದೀಪ ಕಣ್ಣಲ್ಲಿ ನೋಡಿದೋನ ಮಾತು. ಕೊನೆಗೆ ಹಾರಾಶಿತ್ ಮೆಟ್ಟಿಲ ಬುಡಕ್ಕೆ ಬಂದು, ಎಳೇ ಮಕ್ಕಳ ಥರ ಅಳ್ತಾ ಕೂಗ್ದ. 'ಸಿಕ್ತು ಬಿಧುದಾ! ಆವತ್ತೇ ಸಿಕ್ಕಿತ್ತು! ಎಲ್ಲಾರೂ ಇಳಿದ್ರು, ನೀನೂ ಇಳಿ!'

"ದೀಪ ಆರಿಹೋಯ್ತು. ಕೈಯಾರೆ ಗುಂಡಿ ಒತ್ತದೆ ಆರೋ ದೀಪವೇನ್ರೋ ಅದು? ಉಗ್ರಾಣಕ್ಕೆ ಹೋಗಿ ಗೋಡೆ ಮುಟ್ಟಿದ್ರೆ ಅಂಗೈ ಸುಡ್ತು. ಒಳಗೆ ಹೊಸ ಕರೆಂಟ್ ತಂತಿ ಕರಗ್ತಾ ಇತ್ತು, ಪಕ್ಕದಲ್ಲೇ ಕಾಗದದ ರಾಶಿ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರೆ..."

"ಆಮೇಲೆ ಬರ್ಲಿಲ್ವಾ ಅವನು?" ಬಿಂದೇಶ್ವರ ಕೇಳಿದ.

"ಅದೊಂದೇ ಕಟ್ಟಡ ಆಗಿದ್ರೆ ನಾನ್ಯಾಕಪ್ಪಾ ಊರೂರಲ್ಲೂ ಮುಚ್ಚಳ ಮುಚ್ಚಳ ಅಂತ ಇವರ ಪ್ರಾಣ ತಿಂತಿದ್ದೆ?"

ನಿತಾಯಿ ನಕ್ಕ. ನಾನೂ ನಗಲು ಬಾಯಿ ತೆರೆದೆ, ಅಷ್ಟರಲ್ಲಿ ನನ್ನ ಹೆಗಲ ಮೇಲೆ ಕೆಂಪು ಬೆಳಕು ಬಿತ್ತು. ಪ್ಯಾನಲ್ ಕೂಗತೊಡಗಿತ್ತು. ಹತ್ತಿದ್ದ ದೀಪ ಮೇಲಿನ ಮಹಡಿಯದು, ಬಿಂದೇಶ್ವರನ ಕೋಣೆಯ ಎದುರಿನ ಕಾರಿಡಾರಿನದು.

ನಿತಾಯಿ ತಿನ್ನುತ್ತಿದ್ದ ಬಜ್ಜಿ ಬಿಟ್ಟು ಎದ್ದ. "ಅದೊಂದೇ... ಬೀರು ಅಡ್ಡ ಇತ್ತು ಗೋಷ್ಠದಾ, ಏಣಿ ನಿಲ್ಲಿಸೋಕೆ ಆಗ್ಲಿಲ್ಲ. ನಾಳೆ ತೆಗೆಯೋಣ ಅಂತ... ಅದಕ್ಕೆ ಮುಚ್ಚಳ ಇನ್ನೂ ಹಾಗೇ ಇದೆ..."

ಬಿಂದೇಶ್ವರ ಆಗಲೇ ಮೆಟ್ಟಿಲು ಹತ್ತಿ ಓಡುತ್ತಿದ್ದ. ಉಳಿದವರು ಅವನ ಹಿಂದೆ ಓಡಿದರು. ನಾನೂ ಎದ್ದೆ. ಗೋಷ್ಠದಾ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಆಗ ನನಗೂ ಕೇಳಿಸಿತು. ಓಡುವವರ ಹೆಜ್ಜೆಗಳಿಗಿಂತ ತುಂಬಾ ಮೇಲಿನಿಂದ, ಬೀಡಿ ಸೇದಿ ಒಣಗಿದ ಗಂಟಲಿನಲ್ಲಿ ಯಾರೋ ಕೇಳಿದರು.

"ಸಿಕ್ತಾ?"

"ಪ್ಯಾನಲ್ ಹತ್ರ ಇರೋನು ನೀನು," ಎಂದರು ಗೋಷ್ಠದಾ. "ಹೇಳು."

ಹೇಗೋ ಕೂಗಿದೆ. "ಸಿಕ್ತು!"

ದೀಪ ಆರಿತು. ನಾನು ಗುಂಡಿ ಮುಟ್ಟಿರಲಿಲ್ಲ.

ಮೇಲೆ ಹೋದಾಗ ಕಾರಿಡಾರಿನ ತುಂಬ ಗೋಣಿ ಸುಟ್ಟ ವಾಸನೆ. ಸೊಳ್ಳೆಗೆಂದು ಸಂಜೆ ಮತ್ತೆ ಕೆಂಡ ತುಂಬಿದ್ದ ಧೂಪದ ಬಟ್ಟಲು ಗಾಳಿಗೆ ಉರುಳಿ ಕೆಂಡ ಚೆಲ್ಲಿ, ಬಿಂದೇಶ್ವರನ ಕೋಣೆಯ ಬಾಗಿಲಿಗೆ ಒತ್ತಿಕೊಂಡಿದ್ದ ಗೋಣಿಚೀಲಗಳು ಹೊಗೆಯಾಡುತ್ತಿದ್ದವು. ನಿತಾಯಿ ಅಳುತ್ತಲೇ ಅವುಗಳ ಮೇಲೆ ನೀರು ಸುರಿಯುತ್ತಿದ್ದ. ಬಿಂದೇಶ್ವರ ಹೆಂಡತಿಯನ್ನೂ ಕೂಸನ್ನೂ ಬಾಚಿ ತಬ್ಬಿ ಮೆಟ್ಟಿಲಿನ ಮೇಲೆ ಕೂತಿದ್ದ. ಮೇಲೆ ಸೆನ್ಸರ್‌ಗೆ ಕೆಂಪು ಮುಚ್ಚಳ ಭದ್ರವಾಗಿ ಹಾಗೇ ಇತ್ತು. ಬೀರು ಹತ್ತಿ ನಾನೇ ತೆಗೆದೆ. ಅದು ಬೆಚ್ಚಗಿತ್ತು, ಯಾರೋ ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ ಹಾಗೆ.

ಗೋಷ್ಠದಾ ಅದನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

"ನಾಳೆ ಬೇರೆ ಕಟ್ಟಡ. ನಾನಿರ್ತೀನೋ ಇಲ್ವೋ, ಪ್ಯಾನಲ್ ಹತ್ರ ಯಾರೇ ಕೂತಿರ್ಲಿ... ಬಾಯಿಬಿಟ್ಟು ಹೇಳ್ರಪ್ಪಾ. ಹೇಳೋವರೆಗೂ ಅವನು ಇಳಿಯಲ್ಲ."